ಅತ್ತೆ ಬ್ಲಾಗು ಒಗೆದದ್ದು

ಹೊಸಬರು ಯಾರಾದರೂ ನಮ್ಮತ್ತೆಯನ್ನು "ತಾವು ಏನು ಮಾಡ್ಕೊಂಡಿದ್ದೀರಿ?" ಎಂದು ಕೇಳಿದರೆ ಅವಳು ಉತ್ತರ ಕೊಡುವುದಿಲ್ಲ, ಕೇಳಿದವರ ಬಟ್ಟೆ ನೋಡುತ್ತಾಳೆ. "ಜೇಬಿನ ಕೆಳಗೆ ಟೀ ಚೆಲ್ಲಿದೆ. ಬಿಸಿನೀರು ಹಾಕಿ ಉಜ್ಜಿದ್ದೀರಿ. ಯಾರು ನಿಮಗೆ ಉಜ್ಜೋಕೆ ಹೇಳಿದ್ದು?" ಎನ್ನುತ್ತಾಳೆ. ಕೇಳಿದವರು ಜೇಬಿನ ಮೇಲೆ ಕೈಯಿಟ್ಟುಕೊಂಡು ಜಾಗ ಖಾಲಿ ಮಾಡುತ್ತಾರೆ. ಮಾರನೆಯ ದಿನ ಅದೇ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡು ಅವಳ ಅಂಗಡಿಗೇ ಬರುತ್ತಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಕೇಳಿಕೊಂಡು ಬಂದ ಗಂಡುಗಳ ಮುಖ ನೋಡುವ ಬದಲು ಕಾಲರ್ ನೋಡಿದಳು, ಅದಕ್ಕೇ ಹೀಗಾಯಿತು ಎಂದು ನಮ್ಮಮ್ಮ ಹೇಳುತ್ತಾಳೆ. ಅತ್ತೆಯನ್ನೇ ಕೇಳಿದರೆ, "ಕಾಲರ್ ನೋಡಿದ್ದಕ್ಕೇ ಬಚಾವಾದೆ" ಎನ್ನುತ್ತಾಳೆ.

ಅಜ್ಜ ಬಿಟ್ಟುಹೋದ ಲಾಂಡ್ರಿ ಒಂದೇ ಉದ್ದನೆಯ ಕೋಣೆಯಾಗಿತ್ತು. ಈಗ ಅದರ ನಡುವೆ ಪ್ಲೈವುಡ್ಡಿನ ಗೋಡೆ ಇದೆ. ಈ ಕಡೆ ಒಗೆತ, ಅದು ಅತ್ತೆಯದು. ಆ ಕಡೆ ಇಸ್ತ್ರಿ, ಅದು ಅಪ್ಪನದು. ಗಿರಾಕಿಗಳು ಅತ್ತೆಯ ಬಾಗಿಲಲ್ಲಿ ಕೊಳೆ ಬಟ್ಟೆ ಕೊಟ್ಟು, ಒಗೆದ ಮೇಲೆ ಅದನ್ನು ತಾವೇ ಎತ್ತಿಕೊಂಡು ಬೀದಿಗಿಳಿದು ಪಕ್ಕದ ಬಾಗಿಲಿಗೆ ಹೋಗಿ ಅಪ್ಪನ ಕೈಗೆ ಕೊಡಬೇಕು. ಹೊಸ ಗಿರಾಕಿಗಳು ಮೊದಮೊದಲು ಇದನ್ನು ತಮಾಷೆ ಅಂದುಕೊಳ್ಳುತ್ತಾರೆ. ಹಳಬರು ಮಾತಾಡದೆ ಹೊತ್ತುಕೊಂಡು ಹೋಗುತ್ತಾರೆ, ಯಾಕೆಂದರೆ ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿವೆ ಎಂದು ಅವರಿಗೆ ಗೊತ್ತು.

ಮಾತು ಬಿಟ್ಟದ್ದು ಒಂದು ಕೋಟಿನ ಮೇಲೆ. ಬ್ಯಾಂಡ್ ಮಾಸ್ಟರ್ ಒಬ್ಬರು ತಮ್ಮ ಬಿಳಿ ಕೋಟು ಕೊಟ್ಟಿದ್ದರು. ಅತ್ತೆ ಒಗೆದಳು, ಅಪ್ಪ ಇಸ್ತ್ರಿ ಹಾಕಿದ. ಬೆನ್ನಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಕಂದು ಕಲೆ ಬಿತ್ತು. "ಇಸ್ತ್ರಿ ಕಾದಿದ್ದು ಜಾಸ್ತಿಯಾಯ್ತು" ಎಂದಳು ಅತ್ತೆ. "ನೀನು ಸರಿಯಾಗಿ ಜಾಲಿಸಿಲ್ಲ, ಬಟ್ಟೆಯಲ್ಲಿ ಉಳಿದಿದ್ದ ಸೋಪು ಸುಟ್ಟಿತು" ಎಂದ ಅಪ್ಪ. ಇಬ್ಬರ ಮಾತೂ ನಿಜವಿರಬಹುದು, ಅಂಥ ಕಲೆ ಎರಡೂ ಕಾರಣಕ್ಕೆ ಬೀಳುತ್ತದೆ. ಬ್ಯಾಂಡ್ ಮಾಸ್ಟರ್ ಪಾಪ, "ಹೋಗಲಿ ಬಿಡಿ, ನಾನು ಜನರ ಕಡೆ ಮುಖ ಮಾಡಿ ಊದೋನು, ಬೆನ್ನು ಯಾರಿಗೂ ಕಾಣಲ್ಲ" ಎಂದು ಕೋಟು ಹಾಕಿಕೊಂಡು ಹೊರಟೇಹೋದರು. ಇವರಿಬ್ಬರು ಬಿಡಲಿಲ್ಲ. ವಾರದೊಳಗೆ ಪ್ಲೈವುಡ್ ಬಂತು.

ಪಾಲು ಮಾಡುವಾಗ ಬಕೆಟ್ಟು, ಹ್ಯಾಂಗರು, ಬಿಚ್ಚಿಹೋದ ಗುಂಡಿಗಳ ಡಬ್ಬಿ, ಎಲ್ಲವನ್ನೂ ಹಂಚಿಕೊಂಡರು. ಎರಡು ಸಾಮಾನು ಮಾತ್ರ ಹಂಚಲು ಆಗಲಿಲ್ಲ. ಒಂದು, ಬಟ್ಟೆ ನೇತುಹಾಕುವ ಕಬ್ಬಿಣದ ಕಂಬಿ. ಅಜ್ಜ ಅದನ್ನು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಉದ್ದಕ್ಕೆ ಹಾಕಿಸಿದ್ದ. ಕತ್ತರಿಸಿದರೆ ಎರಡೂ ತುಂಡು ಬೀಳುತ್ತವೆ ಎಂದು ಬಡಗಿ ಹೇಳಿದ. ಹಾಗಾಗಿ ಪ್ಲೈವುಡ್ಡನ್ನೇ ಕಂಬಿಯ ಸುತ್ತ ಕೊರೆದರು. ಆ ಕಡೆ ಅಪ್ಪ ದಪ್ಪ ಕಂಬಳಿ ನೇತುಹಾಕಿದರೆ ಈ ಕಡೆ ಅತ್ತೆಯ ಸೀರೆಗಳೆಲ್ಲ ಅಲ್ಲಾಡುತ್ತವೆ. ಇನ್ನೊಂದು, ಅಟ್ಟದ ಮೇಲಿದ್ದ ಇಂಟರ್ನೆಟ್ಟಿನ ಪೆಟ್ಟಿಗೆ. ಅದರ ಬಗ್ಗೆ ತೀರ್ಮಾನ ಮಾಡಬೇಕಾದರೆ ಮಾತಾಡಬೇಕಾಗುತ್ತಿತ್ತು. ಅದು ಇದ್ದಲ್ಲೇ ಉಳಿಯಿತು.

ಇಸ್ತ್ರಿಯವನ ಮಗಳಾದ ನನ್ನದು ಎದುರಿಗೇ ಜೆರಾಕ್ಸ್ ಅಂಗಡಿ. ಅಲ್ಲಿ ಕೂತರೆ ಎರಡೂ ಬಾಗಿಲು ಕಾಣುತ್ತವೆ. ಸಿನಿಮಾ ಟಿಕೆಟ್ಟಿನ ಖರ್ಚು ನನಗೆ ಯಾವತ್ತೂ ಇಲ್ಲ.

ಇನ್ನು ಬ್ಲಾಗಿನ ವಿಷಯ. ಕಲೆ ತೆಗೆಯುವುದು ಹೇಗೆ ಎಂದು ದಿನಕ್ಕೆ ಹತ್ತಾರು ಜನ ಕೇಳಿ ಅತ್ತೆಯ ತಲೆ ತಿನ್ನುತ್ತಿದ್ದರು. "ಒಂದೇ ಸಲ ಬರೆದಿಡ್ತೀನಿ, ಓದ್ಕೊಂಡು ಸಾಯಲಿ" ಎಂದು ಅವಳು ಒಂದು ಪುಕ್ಕಟೆ ಬ್ಲಾಗು ಶುರುಮಾಡಿದಳು. ಜನ ಮುಗಿಬಿದ್ದು ಓದಿದರು, ಕಲೆಗಿಂತ ಬೈಗುಳಕ್ಕೆ. ಒಂದು ದಿನ ಆ ಪುಕ್ಕಟೆ ಕಂಪನಿ ಬಾಗಿಲು ಹಾಕಿತು, ಅವಳ ಬರಹಗಳೆಲ್ಲ ಅದರ ಜೊತೆಗೇ ಹೋದವು. ಅತ್ತೆ ಅಳಲಿಲ್ಲ. ಹಲ್ಲು ಕಡಿದಳು. "ಇನ್ನು ಮೇಲೆ ಯಾರ ಮನೆ ಜಗಲಿಯಲ್ಲೂ ಕೂರಲ್ಲ. ನನ್ನ ಬ್ಲಾಗು ನನ್ನ ಮೇಜಿನ ಕೆಳಗೇ ಇರಬೇಕು" ಎಂದಳು.

ಹಾಗೇ ಆಯಿತು. ನನ್ನ ಅಂಗಡಿಯಲ್ಲಿ ಮೂಲೆ ಸೇರಿದ್ದ ಹಳೆ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ, ಬಟ್ಟೆ ಮಡಿಸುವ ಮೇಜಿನ ಕೆಳಗಿಟ್ಟು, ಅದಕ್ಕೊಂದು ಬ್ಲಾಗಿನ ತಂತ್ರಾಂಶ ಹಾಕಿದಳು. ಅದನ್ನು ಓಡಿಸುವುದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದೇ ಆಜ್ಞೆ ಟೈಪ್ ಮಾಡಿ. ಅಂತರ್ಜಾಲದ ಗುಂಪುಗಳಲ್ಲಿ ಕೇಳಿ ಕೇಳಿ, ಜಗಳ ಆಡಿ ಆಡಿ ಅದನ್ನೂ ಕಲಿತಳು. ನನಗೆ ಆ ಕಪ್ಪು ಪರದೆ ಕಂಡರೆ ಆಗುವುದಿಲ್ಲ. ಒತ್ತಲು ಒಂದು ಗುಂಡಿಯಿಲ್ಲ, ನೋಡಲು ಒಂದು ಬಣ್ಣವಿಲ್ಲ. ಅತ್ತೆಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗಿತ್ತು. ಅವಳು ಹೇಳಬೇಕು, ಅದು ಕೇಳಬೇಕು, ಎದುರು ಮಾತಾಡಬಾರದು. ಒಗೆತದಲ್ಲಿ, ಹಬೆಯಲ್ಲಿ ಗಟ್ಟಿಯಾದ ಎರಡೇ ಬೆರಳಲ್ಲಿ ಕುಟ್ಟುತ್ತಾ, "ನಿಲ್ಲು ಅಂದ್ರೆ ನಿಲ್ಲಬೇಕು" ಎಂದು ಬಾಯಲ್ಲೂ ಹೇಳುತ್ತಿದ್ದಳು.

ಅವಳ ಕೆಲಸದ ರೀತಿ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾವ ಬಟ್ಟೆಗೂ ಅವಳು ನೇರವಾಗಿ ಕೈ ಹಾಕುವುದಿಲ್ಲ. ಮೊದಲು ಒಳಮಡಿಕೆಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ತೊಟ್ಟು ಔಷಧಿ ಹಾಕಿ, ಬಣ್ಣ ಬಿಡುತ್ತದಾ, ನೂಲು ಸುಡುತ್ತದಾ ನೋಡುತ್ತಾಳೆ. ಆಮೇಲೆ ಜೇಬುಗಳನ್ನು ಖಾಲಿ ಮಾಡುತ್ತಾಳೆ. ಸಿಕ್ಕಿದ್ದನ್ನು ಪೊಟ್ಟಣ ಕಟ್ಟಿ ಬೇರೆ ಇಡುತ್ತಾಳೆ. ಆಮೇಲೇ ನೀರು. ಮಂತ್ರಿಯ ಕೋಟಾದರೂ ಅಷ್ಟೇ, ಮಗುವಿನ ಲಂಗೋಟಿಯಾದರೂ ಅಷ್ಟೇ.

ಬ್ಲಾಗು ಚೆನ್ನಾಗಿ ನಡೆಯತೊಡಗಿದ ಕಾಲದಲ್ಲಿ ಒಂದು ಮಧ್ಯಾಹ್ನ ಅಪ್ಪ ನನ್ನ ಅಂಗಡಿಗೆ ಬಂದ. ಬಂದವನು ಜೆರಾಕ್ಸ್ ಮಿಷನ್ನಿನ ಮುಚ್ಚಳ ಎತ್ತಿ, ಇಳಿಸಿ, ಮತ್ತೆ ಎತ್ತಿದ.

"ಏನಪ್ಪ?" ಎಂದೆ.

"ಏನಿಲ್ಲ. ಈ ಬ್ಲಾಗು ಅಂತ ಇರುತ್ತಲ್ಲ. ಅದರ ಕೆಳಗೆ ಜನ ಏನೇನೋ ಬರೀತಾರಲ್ಲ. ಅದು ಹೇಗೆ?"

"ಯಾವ ಬ್ಲಾಗು?"

"ಯಾವುದೋ ಒಂದು. ಬರೆದದ್ದು ಯಾರು ಅಂತ ಗೊತ್ತಾಗಬಾರದು."

ನನಗೆ ಹೊಟ್ಟೆಯೊಳಗೆ ನಗು ಕುದಿಯುತ್ತಿತ್ತು. ಮುಖ ಗಂಟುಹಾಕಿಕೊಂಡು ಒಂದು ಹೊಸ ಇಮೇಲ್ ಮಾಡಿಕೊಟ್ಟೆ. ಹೆಸರೇನಿಡಲಿ ಎಂದು ಕೇಳಿದೆ. ಅಪ್ಪ ತುಂಬಾ ಹೊತ್ತು ಯೋಚಿಸಿ, "ಹಳೇ ಗಿರಾಕಿ" ಎಂದ.

ಅಂದಿನಿಂದ ಹಳೇ ಗಿರಾಕಿ ಅತ್ತೆಯ ಬೆನ್ನು ಬಿಡಲಿಲ್ಲ. ಶಾಯಿ ಕಲೆಗೆ ಹಾಲು ಹಾಕಿ ನೆನೆಸಿ ಎಂದು ಅತ್ತೆ ಬರೆದರೆ, "ಆ ಹಾಲನ್ನು ಕುಡಿಯುವುದು ವಾಸಿ" ಎಂದು ಕಾಮೆಂಟು. "ಕುಡಿಯಿರಿ, ಬುದ್ಧಿ ಬೆಳೆಯಬಹುದು" ಎಂದು ಅತ್ತೆಯ ಉತ್ತರ. ಕಾಲರಿನ ಕೊಳೆ ಬಗ್ಗೆ ಬರೆದರೆ, "ಉಜ್ಜಿ ಉಜ್ಜಿ ಕಾಲರ್ ಸವೆಸುವವರು ಕೊನೆಗೆ ತಪ್ಪನ್ನು ಇಸ್ತ್ರಿಯವನ ತಲೆಗೆ ಕಟ್ಟುತ್ತಾರೆ" ಎಂದು ಗಿರಾಕಿ. "ಇಸ್ತ್ರಿಯವರ ತಲೆಯೂ ಕಾದಿರುತ್ತದೆ, ಅವರಿಗೆ ಗೊತ್ತಾಗುವುದಿಲ್ಲ" ಎಂದು ಅತ್ತೆ. ಓದುಗರಲ್ಲಿ ಎರಡು ಪಕ್ಷಗಳಾದವು. ಕೆಲವರು ಕಲೆ ಇಲ್ಲದಿದ್ದರೂ ಓದಲು ಬರುತ್ತಿದ್ದರು. ಗಿರಾಕಿಯಾದವನು ಇಸ್ತ್ರಿಯವರ ಪರ ಯಾಕೆ ಇಷ್ಟು ವಕಾಲತ್ತು ಮಾಡುತ್ತಾನೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅತ್ತೆಗೂ ಹೊಳೆದಿಲ್ಲ ಎಂದೇ ನಾನು ನಂಬಿದ್ದೆ. ಅವಳು ನನ್ನ ಮುಂದೆ ಆ ಗಿರಾಕಿಯ ವಂಶವನ್ನೇ ಜಾಲಾಡುತ್ತಿದ್ದಳು, ಅದು ನನ್ನದೂ ವಂಶ ಎಂಬುದು ಅವಳಿಗೆ ಗೊತ್ತಿಲ್ಲವಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಮ್ಮೆ ಅತ್ತೆ ಜ್ವರ ಬಂದು ಮಲಗಿದಳು. ಬ್ಲಾಗಿನಲ್ಲಿ ಹೊಸದೇನೂ ಬರಲಿಲ್ಲ. ಹಳೇ ಗಿರಾಕಿ ಹಳೆಯ ಬರಹದ ಕೆಳಗೇ ಬರೆದ: "ಏನು, ಸೋಪು ಮುಗಿಯಿತಾ?" ಉತ್ತರವಿಲ್ಲ. ಮರುದಿನ ಮತ್ತೆ ಬರೆದ: "ಬೇಗ ಬನ್ನಿ. ಜಗಳ ಆಡದೆ ಬಾಯಿ ಕೆಟ್ಟುಹೋಗಿದೆ." ನಾನು ಗಂಜಿ ತೆಗೆದುಕೊಂಡು ಹೋದಾಗ ಅತ್ತೆ ಫೋನಿನಲ್ಲಿ ಅದನ್ನು ನನಗೆ ಓದಿ ತೋರಿಸಿದಳು. ಗಂಜಿ ಮುಗಿದ ಮೇಲೆ ಮತ್ತೊಮ್ಮೆ ಓದಿದಳು. ಅವತ್ತು ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಅಣ್ಣ ತಂಗಿಯ ನಡುವೆ ಉಳಿದಿರುವ ಮಾತು ಎಂದರೆ ಈ ಕಾಮೆಂಟುಗಳಷ್ಟೇ. ಇದು ಹೋದರೆ ಉಳಿಯುವುದು ಪ್ಲೈವುಡ್ಡು.

ಅದಕ್ಕೇ, ಅಪ್‌ಡೇಟಿನ ಸುದ್ದಿ ಬಂದಾಗ ನನಗೆ ದಿಗಿಲಾಯಿತು.

ಅತ್ತೆಯ ತಂತ್ರಾಂಶ ಹಳತಾಗಿತ್ತು. ಅದರ ಸಂದುಗಳಲ್ಲಿ ನುಗ್ಗಿ ಯಾರು ಯಾರೋ ಕಿಡಿಗೇಡಿಗಳು ಜಾಹೀರಾತು ಅಂಟಿಸತೊಡಗಿದರು. ಗ್ರೀಸ್ ಕಲೆಯ ಬರಹದ ನಡುವೆ ಬೋಳು ತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆ, ಲಿಪ್‌ಸ್ಟಿಕ್ ಕಲೆಯ ಬರಹದಲ್ಲಿ ಏಕಾಂಗಿ ಗಂಡಸರಿಗೆ ಸ್ನೇಹಿತೆಯರು. ಒಬ್ಬ ಗಿರಾಕಿ ಬಂದು ಎಣ್ಣೆ ಬಾಟಲಿ ಕೇಳಿದ. ಅತ್ತೆ ಅವನ ತಲೆ ನೋಡಿದಳು, ಬಾಗಿಲು ತೋರಿಸಿದಳು, ಮತ್ತು ಅಪ್‌ಡೇಟ್ ಮಾಡಿಯೇ ಸಿದ್ಧ ಎಂದು ತೀರ್ಮಾನಿಸಿದಳು.

ತೊಂದರೆ ಇದ್ದದ್ದು ಬೇರೆ ಕಡೆ. ತಂತ್ರಾಂಶ ಮಾಡಿದವರು ಹೊಸ ಆವೃತ್ತಿಯಲ್ಲಿ ಕಾಮೆಂಟಿನ ಹಳೆಯ ವ್ಯವಸ್ಥೆಯನ್ನೇ ಕಿತ್ತುಹಾಕಿದ್ದರು. ಬರಹಗಳು ತಾವಾಗಿ ಬರುತ್ತವೆ, ಕಾಮೆಂಟುಗಳು ಬರುವುದಿಲ್ಲ. ಅವನ್ನು ಮೊದಲೇ ಬೇರೆ ಫೈಲಿಗೆ ತೆಗೆದಿಟ್ಟುಕೊಂಡು, ಅಪ್‌ಡೇಟ್ ಆದ ಮೇಲೆ ಮತ್ತೆ ತುಂಬಿಸಬೇಕು ಎಂದು ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಅತ್ತೆ ಬ್ಲಾಗಿನಲ್ಲೂ ಒಂದು ಸೂಚನೆ ಹಾಕಿದಳು: "ಈ ವಾರ ಬ್ಲಾಗು ಒಗೆಯಲಾಗುವುದು, ಅಂದರೆ ಅಪ್‌ಡೇಟು. ಏನಾದರೂ ಹೋದರೆ ಅಂಗಡಿ ಜವಾಬ್ದಾರಿಯಲ್ಲ."

ಓದಿದ ಅಪ್ಪ ನೇರ ನನ್ನ ಅಂಗಡಿಗೆ ಬಂದ. ಮತ್ತೆ ಆ ಮುಚ್ಚಳ ಎತ್ತಿದ.

"ಅಪ್‌ಡೇಟು ಅಂದ್ರೆ ಹಳೇದೆಲ್ಲ ಹೋಗುತ್ತಾ?"

"ಮಾಡೋರ ಕೈ ಸರಿಯಿದ್ದರೆ ಹೋಗಲ್ಲ."

"ಅವಳ ಕೈ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೋಟಿನ ವಿಷಯ ಗಂಟಲಲ್ಲೇ ಉಳಿಯಿತು. "ನೀನು ಪಕ್ಕದಲ್ಲಿ ಇರು" ಎಂದಷ್ಟೇ ಹೇಳಿ ಹೋದ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ ಅತ್ತೆ ಕೆಲಸಕ್ಕೆ ಕೂತಳು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವಳು ಮೊದಲು ಕಂಪ್ಯೂಟರಿನ ಬೆನ್ನಿಗೆ ಕಟ್ಟಿದ್ದ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆದಳು. ಆಮೇಲೆ ಕಪ್ಪು ಪರದೆ ತೆರೆದಳು.

"ಬ್ಲಾಗು ನಿಲ್ಲಿಸಿದೆ" ಎಂದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. "ಈಗ ಜೇಬು ಖಾಲಿ ಮಾಡ್ತೀನಿ. ಕಾಮೆಂಟೆಲ್ಲ ಒಂದು ಪೊಟ್ಟಣ. ಇಟ್ಟೆ. ಈಗ ನೀರಿಗೆ ಹಾಕ್ತೀನಿ."

ಆಜ್ಞೆ ಕುಟ್ಟಿ ಎಂಟರ್ ಒತ್ತಿದಳು. ಪರದೆಯ ಮೇಲೆ ಸಾಲುಗಳು ದಡದಡ ಮೇಲೆ ಓಡತೊಡಗಿದವು. ಇದನ್ನು ಇಳಿಸಿಕೊಂಡೆ, ಅದನ್ನು ಬಿಚ್ಚಿದೆ, ಹಳೆಯದನ್ನು ಅಳಿಸಿದೆ, ಹೊಸದನ್ನು ಕೂರಿಸಿದೆ ಎಂದು ಯಂತ್ರ ತನ್ನ ಭಾಷೆಯಲ್ಲಿ ವರದಿ ಒಪ್ಪಿಸುತ್ತಿತ್ತು. ಒಂದು ಕಡೆ ನಿಂತು ಕೇಳಿತು, ಮುಂದುವರಿಯಲೇ ಬೇಡವೇ ಎಂದು. "ಇಷ್ಟು ದೂರ ಬಂದು ಬೇಡ ಅಂತೀನಾ, ಮುಟ್ಠಾಳ" ಎಂದು ಬೈದು ಹೌದು ಎಂದಳು. ಮತ್ತೆ ಸಾಲುಗಳು. ಕೊನೆಗೆ ಎಲ್ಲ ನಿಂತು, ಕರ್ಸರ್ ಮಾತ್ರ ಮಿಣುಕಿತು.

ಬ್ಲಾಗು ಶುರುಮಾಡಿ ನನ್ನ ಫೋನಿನಲ್ಲಿ ನೋಡಿದೆವು. ನಿಜಕ್ಕೂ ಲಕ್ಷಣವಾಗಿತ್ತು. ಅಕ್ಷರ ದುಂಡಗೆ, ಬೋಳುತಲೆ ಎಣ್ಣೆ ಮಾಯ, ಏಕಾಂಗಿ ಗಂಡಸರು ಮಾಯ. ಪ್ರತಿ ಬರಹದ ಕೆಳಗೆ ಒಂದೇ ಸಾಲು: ಇಲ್ಲಿ ಇನ್ನೂ ಯಾರೂ ಮಾತಾಡಿಲ್ಲ.

"ಈಗ ತುಂಬಿಸು ಅತ್ತೆ" ಎಂದೆ.

ಅತ್ತೆ ಏನೋ ಕುಟ್ಟಿದಳು. ಇನ್ನೊಮ್ಮೆ ಕುಟ್ಟಿದಳು. ಆಮೇಲೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಪೊಟ್ಟಣ ಇಲ್ಲ" ಎಂದಳು.

"ಇಲ್ಲ ಅಂದ್ರೆ? ಎಲ್ಲಿಟ್ಟಿದ್ದೆ?"

"ಬ್ಲಾಗಿನ ಫೋಲ್ಡರಿನಲ್ಲೇ. ಅಪ್‌ಡೇಟು ಆ ಫೋಲ್ಡರನ್ನೇ ಗುಡಿಸಿಹಾಕಿದೆ."

ನನಗೆ ಕೋಪ ನೆತ್ತಿಗೇರಿತು. "ಎಡಜೇಬಿನದು ತೆಗೆದು ಅದೇ ಪ್ಯಾಂಟಿನ ಬಲಜೇಬಿಗೆ ಹಾಕಿ ನೀರಿಗೆ ಹಾಕಿದ ಹಾಗಾಯ್ತಲ್ಲ! ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನೀನು ಅವರನ್ನ ಜೀವಸಹಿತ ಬಿಡ್ತಿದ್ಯಾ?"

"ಎಲ್ಲಾ ಹೋಯ್ತು" ಎಂದಳು ಅತ್ತೆ. ನನ್ನ ಕಡೆ ನೋಡಿ ಅಲ್ಲ, ಪ್ಲೈವುಡ್ಡಿನ ಕಡೆ ನೋಡಿ. "ಹಳೇ ಗಿರಾಕಿ ಬರೆದಿದ್ದು ಒಂದಕ್ಷರವೂ ಉಳಿದಿಲ್ಲ."

ಆ ಕಡೆಯಿಂದ ಇಸ್ತ್ರಿಪೆಟ್ಟಿಗೆ ಧಪ್ ಎಂದು ಇಟ್ಟ ಸದ್ದು ಕೇಳಿತು. ಕಂಬಿ ನಡುಗಿ ನಮ್ಮ ಕಡೆಯ ಅಂಗಿಗಳೆಲ್ಲ ತೋಳು ಆಡಿಸಿದವು.

ಅಂದಿನಿಂದ ಅತ್ತೆ ಬ್ಲಾಗು ಬರೆಯುವುದನ್ನು ನಿಲ್ಲಿಸಿದಳು. ಅಂಗಡಿಗೆ ಬಂದವರಿಗೆ ಬೈಯುವುದನ್ನೂ ನಿಲ್ಲಿಸಿದಳು, ಅದು ಇನ್ನೂ ಭಯಂಕರವಾಗಿತ್ತು. ಗಿರಾಕಿಗಳು ನನ್ನ ಹತ್ತಿರ ಬಂದು "ಏನಾಯ್ತು, ಹುಷಾರಿಲ್ವಾ?" ಎಂದು ಪಿಸುಗುಟ್ಟುತ್ತಿದ್ದರು. ಒಬ್ಬರಿಗೆ "ಬನ್ನಿ, ಕೂತ್ಕೊಳ್ಳಿ" ಎಂದಳಂತೆ. ಅವರು ಹೆದರಿ ಬಟ್ಟೆ ಅಲ್ಲೇ ಬಿಟ್ಟು ಹೋದರು.

ಅಪ್ಪನ ಕತೆ ಕೇಳಲೇಬೇಡಿ. ಅವನ ಇಸ್ತ್ರಿ ಎಂದರೆ ಗೆರೆಯಲ್ಲಿ ಬೆರಳು ಕೊಯ್ದುಕೊಳ್ಳಬೇಕು, ಅಂಥದ್ದು. ಈಗ ಒಂದು ಪ್ಯಾಂಟಿಗೆ ಎರಡೆರಡು ಗೆರೆ ಬೀಳತೊಡಗಿದವು. ಊಟಕ್ಕೆ ಕೂತರೆ ಅನ್ನ ಕಲಸಿದ್ದೇ ಕಲಸಿದ್ದು. ಅಮ್ಮ ನೋಡುವಷ್ಟು ನೋಡಿ ಒಂದು ದಿನ ತಟ್ಟೆ ಕುಕ್ಕಿದಳು.

"ಯಾರೋ ಸತ್ತವರ ಹಾಗೆ ಕೂತಿದ್ದೀರಲ್ಲ, ಏನು ಕಳ್ಕೊಂಡಿದ್ದೀರಿ ಅಂತಾದರೂ ಹೇಳಿ."

"ಏನಿಲ್ಲ."

"ಹಳೇ ಗಿರಾಕಿ ತಾನೇ?"

ಅಪ್ಪ ನನ್ನ ಕಡೆ ಕೆಂಗಣ್ಣು ಬಿಟ್ಟ. ನಾನು ಹೇಳಿರಲಿಲ್ಲ, ಆಣೆಗೂ. "ಮಗಳನ್ನ ಯಾಕೆ ನೋಡ್ತೀರಿ?" ಎಂದಳು ಅಮ್ಮ. "ಫೋನು ಹಿಡ್ಕೊಂಡು ಒಬ್ಬರೇ ನಗ್ತಾ ಕೂತಿರ್ತಿದ್ರಲ್ಲ. ಬೇರೆ ಹೆಂಗಸಾಗಿದ್ದರೆ ಏನೇನೋ ತಿಳ್ಕೋತಿದ್ದಳು. ನಾನು ಬಗ್ಗಿ ನೋಡಿದೆ. ಕಾಲರಿನ ಕೊಳೆ ಬಗ್ಗೆ ಜಗಳ ಆಡ್ತಿದ್ರಿ. ಅದು ನಿಮ್ಮ ತಂಗಿ ಬಿಟ್ಟು ಇನ್ಯಾರ ಜೊತೆ ಆಗುತ್ತೆ?"

ಅಪ್ಪ ಫೋನು ತೆಗೆದು ನನ್ನ ಮುಂದೆ ತಳ್ಳಿದ. ಅವನು ಬರೆದ ಪ್ರತಿ ಕಾಮೆಂಟಿಗೂ, ಅತ್ತೆ ಕೊಟ್ಟ ಪ್ರತಿ ಉತ್ತರಕ್ಕೂ ಒಂದೊಂದು ಪ್ರತಿ ಅವನ ಇಮೇಲಿಗೆ ಬಂದು ಬಿದ್ದಿತ್ತು. ಒಂದನ್ನೂ ಅಳಿಸಿರಲಿಲ್ಲ. ಶಾಯಿ ಇತ್ತು, ಹಾಲು ಇತ್ತು, ಜ್ವರ ಇತ್ತು.

"ಇದನ್ನ ಅವಳಿಗೆ ಕೊಟ್ಟುಬಿಡು" ಎಂದ. "ಎಲ್ಲೋ ಸಿಕ್ತು ಅನ್ನು."

"ಎಲ್ಲಿ ಸಿಕ್ತು ಅನ್ನಲಿ? ರಸ್ತೆಯಲ್ಲಿ ಬಿದ್ದಿತ್ತು ಅಂತಾನಾ? ಹಳೇ ಗಿರಾಕಿಯ ಇಮೇಲು ಹಳೇ ಗಿರಾಕಿ ಹತ್ತಿರ ಮಾತ್ರ ಇರುತ್ತೆ ಅಪ್ಪ. ನೀನೇ ಹೋಗಬೇಕು."

"ಹೋಗಿ? ನಾನು ಹೋಗಲ್ಲ. ಕೋಟು ಸುಟ್ಟಿದ್ದು ನಾನು ಅಂತ ಒಪ್ಪಿಕೊಂಡ ಹಾಗಾಗುತ್ತೆ."

"ಕೋಟಿನವರೇ ಮರೆತು ನಿವೃತ್ತಿಯಾದರು" ಎಂದಳು ಅಮ್ಮ. "ಹೋಗಿ ಬನ್ನಿ. ಇಲ್ಲದಿದ್ದರೆ ನಾಳೆಯಿಂದ ನಿಮ್ಮ ಅನ್ನ ನೀವೇ ಬೇಯಿಸಿ, ನೀವೇ ಕಲಸ್ಕೊಳ್ಳಿ."

ಬೆಳಿಗ್ಗೆ ನಾನು ಆ ಇಮೇಲುಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಅಪ್ಪ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು, ಹಾಕಿದ್ದನ್ನೇ ಮತ್ತೆ ಹಾಕಿ, ಅಂಗಡಿಯಿಂದ ಬೀದಿಗಿಳಿದ. ಪಕ್ಕದ ಬಾಗಿಲಿಗೆ ಹೋಗಲು ಊರೆಲ್ಲ ಸುತ್ತಿ ಬಂದಷ್ಟು ಹೊತ್ತು ತೆಗೆದುಕೊಂಡ. ನನ್ನ ಅಂಗಡಿ ಮುಂದೆ ಬಂದು ನಿಂತ, ಚಪ್ಪಲಿ ನೋಡಿಕೊಂಡ, ವಾಪಸು ಹೊರಟ. ನಾನು ಜೆರಾಕ್ಸಿನ ಮುಚ್ಚಳ ಬಿಟ್ಟು ಹೋಗಿ ಅವನ ತೋಳು ಹಿಡಿದು ಅತ್ತೆಯ ಕೌಂಟರಿನ ಮುಂದೆ ನಿಲ್ಲಿಸಿದೆ.

ಅತ್ತೆ ತಲೆ ಎತ್ತಿದಳು. ಎಷ್ಟೋ ಕಾಲದ ಮೇಲೆ ಅಣ್ಣ ಎದುರಿಗೆ ನಿಂತಿದ್ದಾನೆ.

"ಒಗೆಯೋದಾ, ಕಲೆಯಾ?" ಎಂದಳು, ಯಾರನ್ನು ಕೇಳಿದರೂ ಕೇಳುವ ಹಾಗೆ.

ಅಪ್ಪ ಪೆನ್ ಡ್ರೈವನ್ನು ಬೆರಳಲ್ಲಿ ಹೊರಳಿಸುತ್ತಾ, "ಅದೇ... ಆ ಕಾಮೆಂಟುಗಳು. ನನ್ನ ಹತ್ತಿರ ಇವೆ" ಎಂದ.

"ನಿನ್ನ ಹತ್ತಿರ ಹೇಗೆ ಬಂದವು?"

"ಹಳೇ ಗಿರಾಕಿ ನಾನೇ."

ಹೇಳಿದ ಮೇಲೆ ಬೈಗುಳಕ್ಕೆ ತಯಾರಾಗಿ ಕಣ್ಣು ಕಿರಿದು ಮಾಡಿಕೊಂಡು ನಿಂತ. ಅತ್ತೆ ಬೈಯಲಿಲ್ಲ. "ಹೌದಾ" ಎಂದು ಸ್ಟೂಲು ತಳ್ಳಿ, "ಕೂತ್ಕೋ" ಎಂದಳು. ಮೇಜಿನ ಕಡೆ ತಿರುಗಿ ಕಪ್ಪು ಪರದೆ ತೆರೆದು ಒಂದೇ ಒಂದು ಸಾಲು ಕುಟ್ಟಿ ಎಂಟರ್ ಒತ್ತಿದಳು. "ನೋಡು ಈಗ" ಎಂದು ನನಗೆ ಹೇಳಿದಳು.

ಫೋನು ನೋಡಿದೆ. ಶಾಯಿ ಬರಹದ ಕೆಳಗೆ ಹಾಲು ಬಂದು ಕೂತಿತ್ತು. ಕಾಲರಿನ ಕೆಳಗೆ ಇಸ್ತ್ರಿಯವನ ಪರ ವಕಾಲತ್ತು ಬಂದು ಕೂತಿತ್ತು. "ಏನು, ಸೋಪು ಮುಗಿಯಿತಾ?" ಬಂದಿತ್ತು. ಒಂದೂ ಬಿಡದೆ ಎಲ್ಲವೂ ಬಂದಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಅಬ್ಬಾ, ಅಪ್ಪ, ನಿನ್ನಿಂದ ಉಳೀತು!" ಎಂದು ಕೂಗಿಬಿಟ್ಟೆ.

ಅಪ್ಪ ಮಾತ್ರ ತನ್ನ ಕೈ ನೋಡಿಕೊಳ್ಳುತ್ತಿದ್ದ.

"ಪೆನ್ ಡ್ರೈವು ನನ್ನ ಕೈಯಲ್ಲೇ ಇದೆಯಲ್ಲೇ" ಎಂದ.

ಅತ್ತೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸತೊಡಗಿದಳು. "ಒಳಮಡಿಕೆಯಲ್ಲಿ ನೋಡದೆ ನಾನು ಯಾವತ್ತಾದರೂ ಬಟ್ಟೆ ನೀರಿಗೆ ಹಾಕಿದ್ದೀನಾ? ಬ್ಲಾಗಿನ ಇನ್ನೊಂದು ಪ್ರತಿ ಮಾಡಿ, ಅದರ ಮೇಲೆ ಮೊದಲು ಪ್ರಯೋಗ ಮಾಡಿದ್ದೆ. ಪೊಟ್ಟಣ ಬೇರೆ ಡಿಸ್ಕಿನಲ್ಲಿ ಭದ್ರವಾಗಿತ್ತು. ಈ ಪೆದ್ದಿ ಪಕ್ಕದಲ್ಲೇ ಕೂತು ಅದನ್ನೂ ಕೇಳಲಿಲ್ಲ."

ಪೆದ್ದಿ ಎಂದರೆ ನಾನು. ನನ್ನನ್ನು ಹೀಗೆ ಬೇಸ್ತು ಬೀಳಿಸಿದ್ದಕ್ಕೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನಾನು ಮರುಗಿದ್ದಕ್ಕೆ ಯಾರು ಬೆಲೆ ಕೊಡುತ್ತಾರೆ?

"ನಾನು ಅಂತ ಯಾವಾಗ ಗೊತ್ತಾಯ್ತು?" ಎಂದ ಅಪ್ಪ.

"ಹಾಲಿನ ದಿನವೇ. ಯಾವ ಕಾಮೆಂಟು ಎಲ್ಲಿಂದ ಬಂತು ಅಂತ ನನಗಿಲ್ಲಿ ಕಾಣುತ್ತೆ. ಬೇರೆಯವರದ್ದು ಊರೂರಿಂದ ಬರುತ್ತೆ. ಹಳೇ ಗಿರಾಕಿಯದ್ದು ನಮ್ಮ ಅಟ್ಟದ ಪೆಟ್ಟಿಗೆಯಿಂದ ಬಂತು. ಗುಂಡಿ ಡಬ್ಬಿ ಪಾಲು ಮಾಡಿದ್ವಿ, ಇಂಟರ್ನೆಟ್ಟು ಪಾಲಾಗದೆ ಉಳೀತು. ಗೋಡೆ ಆ ಕಡೆ ನಿಂತು ಕೂಗಿದ ಹಾಗೆ ಇತ್ತು ಕಣೋ ಅಣ್ಣ, ಹೆಸರು ಬೇರೆ ಇಟ್ಕೊಂಡು."

"ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆಯಾ? ಹಾಗಿದ್ರೆ ಈಗ ಯಾಕೆ ಈ ನಾಟಕ?"

ಅತ್ತೆ ಕನ್ನಡಕ ಹಾಕಿಕೊಂಡಳು. ಅವಳ ದನಿ ಮೆತ್ತಗಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೊದಲು ಖುಷಿಯಾಗಿತ್ತು. ಆಮೇಲೆ ನೋಡ್ತೀನಿ, ನಿನಗೆ ಅಷ್ಟೇ ಸಾಕಾಗಿಹೋಗಿದೆ. ಜ್ವರ ಬಂದು ಮಲಗಿದ್ದಾಗಲೂ ಕಾಮೆಂಟು ಬಂತು, ನೀನು ಬರಲಿಲ್ಲ. ಆ ಕಿಂಡಿ ಇರೋವರೆಗೂ ನೀನು ಬಾಗಿಲಿಗೆ ಬರಲ್ಲ ಅನ್ನಿಸ್ತು. ಅದಕ್ಕೆ ಮುಚ್ಚಿದೆ."

ಅಪ್ಪ ಪೆನ್ ಡ್ರೈವನ್ನು ಕೌಂಟರಿನ ಮೇಲಿಟ್ಟ, ಗಿರಾಕಿಗಳು ಬಟ್ಟೆ ಇಡುವ ಜಾಗದಲ್ಲಿ. ಅತ್ತೆ ಅದಕ್ಕೊಂದು ಗುರುತಿನ ಚೀಟಿ ಕಟ್ಟಿ ಗೂಡಿನಲ್ಲಿಟ್ಟಳು. ಆಮೇಲೆ ಇಬ್ಬರೂ ಟೀ ಕುಡಿದರು. ನನಗೆ ಯಾರೂ ಕೊಡಲಿಲ್ಲ.

ಪ್ಲೈವುಡ್ಡು ಇನ್ನೂ ಇದೆ. ತೆಗೆಯಬೇಕಾದರೆ ಯಾರ ಕಡೆಯಿಂದ ಮೊಳೆ ಕೀಳಬೇಕು ಎಂದು ಇಬ್ಬರಿಗೂ ಜಗಳವಾಯಿತು. ಆದರೆ ಬಡಗಿಯನ್ನು ಕರೆಸಿ ಕಂಬಿಯ ಸುತ್ತಲಿನ ಕಿಂಡಿಯನ್ನು ಒಂದು ಕೋಟು ತೂರುವಷ್ಟು ದೊಡ್ಡದು ಮಾಡಿಸಿದ್ದಾರೆ. ಅತ್ತೆ ಒಗೆದು ಒಣಗಿಸಿದ ಬಟ್ಟೆ ಈಗ ಹ್ಯಾಂಗರಿನಲ್ಲೇ ಕಂಬಿಯ ಮೇಲೆ ಜಾರಿಕೊಂಡು ಆ ಕಡೆಗೆ ಹೋಗುತ್ತದೆ. ಗಿರಾಕಿಗಳಿಗೆ ಬೀದಿಗಿಳಿಯುವ ಕಷ್ಟ ತಪ್ಪಿದೆ. ಕೆಲವರಿಗೆ ಅದೇ ಬೇಸರ.

ಮೊನ್ನೆ ಅತ್ತೆ ಇಷ್ಟು ವರ್ಷ ಬರೆಯದೆ ಬಿಟ್ಟಿದ್ದ ಒಂದು ಬರಹ ಹಾಕಿದಳು: ಬಿಳಿ ಬಟ್ಟೆಯ ಮೇಲೆ ಇಸ್ತ್ರಿ ಸುಟ್ಟ ಕಲೆ. ಅದರ ಕೊನೆಗೆ, "ಇಂಥ ಕಲೆ ಪೂರ್ತಿ ಹೋಗುವುದಿಲ್ಲ. ತಪ್ಪು ಒಗೆದವರದು ಅರ್ಧ, ಇಸ್ತ್ರಿ ಹಾಕಿದವರದು ಅರ್ಧ. ಬಟ್ಟೆಯನ್ನು ಎಸೆಯಬೇಡಿ, ಹಾಕಿಕೊಳ್ಳಿ" ಎಂದು ಬರೆದಿದ್ದಳು. ನಾನು ಎದುರಿನ ಅಂಗಡಿಯಲ್ಲಿ ಕೂತು ಓದಿ, ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ಕೂತೆ. ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಮತ್ತೆ ಫೋನು ನೋಡುವಷ್ಟರಲ್ಲಿ ಮೊದಲ ಕಾಮೆಂಟು ಬಂದಿತ್ತು. ಹೆಸರಿನ ಜಾಗದಲ್ಲಿ ಈ ಸಲ "ಅಣ್ಣ" ಎಂದಿತ್ತು.

"ಲೆಕ್ಕ ತಪ್ಪಿದೆ. ಒಗೆದವರದು ಮುಕ್ಕಾಲು."

ಎದುರಿಗೆ ಅತ್ತೆ ಫೋನು ಕೆಳಗಿಟ್ಟು, ಕಿಂಡಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಡುತ್ತಿದ್ದಳು.